ಗಣರಾಜ್ಯದ ಬಿಕ್ಕಳಿಕೆ

ಬಿಕ್ಕಳಿಕೆಯ ವಿಷಯದಲ್ಲಿ ಇಡೀ ಖಂಡಕ್ಕೆ ನಮ್ಮ ಗಣರಾಜ್ಯವೇ ನಾಯಕ ಎಂಬುದು ಈಗ ಇತ್ಯರ್ಥವಾಗಿರುವ ಸಂಗತಿ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬಾರದೆಂಬ ನಿಯಮ ಇದೆ, ನಿಜ. ಆದರೆ ನಿಯಮ ಇರುವುದರಿಂದಲೇ ಯಾರೂ ಪ್ರಶ್ನಿಸುತ್ತಿಲ್ಲ ಎಂದು ಭಾವಿಸಬಾರದು. ಹಾಗೆ ಭಾವಿಸಬಾರದೆಂಬುದು ಅದೇ ನಿಯಮದ ಎರಡನೆಯ ಭಾಗ.

ಈ ನಾಯಕತ್ವ ನಮಗೆ ದೊರೆತದ್ದು ಸರೋವರ ದೇಶಗಳ ಆರೋಗ್ಯ ಒಕ್ಕೂಟದ ಶೃಂಗಸಭೆಯಲ್ಲಿ. ಶೃಂಗಸಭೆ ಎಂದ ಮಾತ್ರಕ್ಕೆ ಅದು ಬೆಟ್ಟದ ತುದಿಯಲ್ಲಿ ನಡೆಯಿತೆಂದು ತಿಳಿಯಬೇಕಾಗಿಲ್ಲ; ಹೋಟೆಲಿನ ನೆಲಮಾಳಿಗೆಯಲ್ಲಿ ನಡೆಯಿತು, ಏಕೆಂದರೆ ಅಲ್ಲಿ ತಂಪಾಗಿತ್ತು. ಒಂದೊಂದು ದೇಶವೂ ಒಂದೊಂದು ರೋಗದ ಮುಂದಾಳತ್ವ ವಹಿಸಬೇಕು ಎಂಬುದು ಸಭೆಯ ಉದ್ದೇಶ. ಮಲೇರಿಯಾ ಒಬ್ಬರಿಗೆ ಹೋಯಿತು, ಕಾಲರಾ ಇನ್ನೊಬ್ಬರಿಗೆ, ಕ್ಷಯಕ್ಕೆ ಇಬ್ಬರು ಕಿತ್ತಾಡಿ ಶ್ವಾಸಕೋಶ ಎರಡಿರುವುದರಿಂದ ಒಂದೊಂದನ್ನು ಹಂಚಿಕೊಂಡರು. ನಮ್ಮ ಆರೋಗ್ಯ ಮಂತ್ರಿ ಶ್ರೀಮತಿ ಎಮೆಲ್ಡಾ ಚಿಪಿಲಿಯವರು ತಲುಪುವಷ್ಟರಲ್ಲಿ ತಡವಾಗಿತ್ತು. ಅದು ಅವರ ತಪ್ಪಲ್ಲ. ವಿಮಾನ ನಿಲ್ದಾಣದಲ್ಲಿ ಅವರ ಮುಖ ಅಚ್ಚಾದ ಬಟ್ಟೆ ಉಟ್ಟ ಹೆಂಗಸರು ಬೀಳ್ಕೊಡುಗೆಯ ಕುಣಿತ ಕುಣಿಯುತ್ತಿದ್ದರು. ಡೋಲು ನಿಲ್ಲುವ ಮೊದಲು ಹೊರಡುವುದು ಮರ್ಯಾದೆಯಲ್ಲ. ಡೋಲಿನವನೋ ತನ್ನನ್ನು ಮಂತ್ರಿಗಳು ಗಮನಿಸಲಿ ಎಂದು ನಿಲ್ಲಿಸಲೇ ಇಲ್ಲ.

ಒಕ್ಕೂಟದ ಮಹಾಕಾರ್ಯದರ್ಶಿ ಪಾಸ್ಕಾಲ್ ಮ್ವೆಬಾ ಗಡಿಯಾಚೆಯವರು. ಆದರೆ ಅವರು ಮಳೆ ಕುಲ, ನಮ್ಮ ಮಂತ್ರಿಗಳು ಅಣಬೆ ಕುಲ. ಗಡಿ ಬಂದದ್ದು ಮೊನ್ನೆ. ಕುಲಗಳು ಅದಕ್ಕೂ ಮುಂಚಿನಿಂದ ಇವೆ. ಮಳೆಯಿಲ್ಲದೆ ಅಣಬೆ ಏಳುವುದಿಲ್ಲವಾದ್ದರಿಂದ ಈ ಎರಡು ಕುಲದವರು ಒಬ್ಬರಿಗೊಬ್ಬರು ಗೇಲಿ ನೆಂಟರು. ಗೇಲಿ ನೆಂಟರು ಪರಸ್ಪರ ಏನು ಬೇಕಾದರೂ ಬಯ್ಯಬಹುದು, ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು, ಏನು ಬೇಕಾದರೂ ಕೊಡಬಹುದು. ಸಿಟ್ಟಾಗುವಂತಿಲ್ಲ. ಮುಖ್ಯವಾಗಿ, ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ.

“ಏನಮ್ಮಾ ಕೊಳೆತ ಅಣಬೆ, ಈಗ ತಲೆ ಎತ್ತಿದ್ಯಾ? ರೋಗ ಎಲ್ಲಾ ಖಾಲಿ,” ಎಂದರು ಮಹಾಕಾರ್ಯದರ್ಶಿಗಳು, ಮೈಕು ಆರಿಸದೆ.

“ಅಯ್ಯೋ ಮಳೆರಾಯ, ನಿನ್ನ ಮನೆ ಸೂರು ಸೋರ! ನಮ್ಮ ಅಧ್ಯಕ್ಷರಿಗೆ ಬರೀ ಕೈಲಿ ಹೋಗಿ ಮುಖ ತೋರಿಸ್ಲಾ? ಏನಾದ್ರೂ ಒಂದು ಕೊಡು.”

“ಬಿಕ್ಕಳಿಕೆ ಇದೆ, ಬೇಕಾ? ಉಟ್ಟ ಬಟ್ಟೆ ತುದೀಗೆ ಗಂಟು ಹಾಕ್ಕೊಂಡು ಹೋಗು.”

“ಕೊಟ್ಟೋನು ನೀನು, ತಗೊಂಡೋಳು ನಾನು. ಹೆಂಗೆ ಬೆಳೆಸ್ತೀನಿ ನೋಡ್ತಿರು!”

ಸಭೆಯ ನಡಾವಳಿ ಬರೆಯುತ್ತಿದ್ದವನು ಸಮುದ್ರದ ನಡುವಿನ ಒಂದು ದ್ವೀಪದವನು. ಅಲ್ಲಿ ಗೇಲಿ ನೆಂಟರ ಪದ್ಧತಿಯಿಲ್ಲ. ಆತ ಕೇಳಿದ್ದನ್ನು ಕೇಳಿದ ಹಾಗೆ ಬರೆದ. ಸಂಜೆ ಚಪ್ಪಾಳೆಯ ನಡುವೆ ಅದು ಠರಾವಾಯಿತು. ಮರುದಿನ ಅಧ್ಯಕ್ಷರು ರೇಡಿಯೋದಲ್ಲಿ, “ಬಹುಕಾಲದ ಹೋರಾಟದ ನಂತರ ಬಿಕ್ಕಳಿಕೆ ನಮ್ಮದಾಗಿದೆ,” ಎಂದು ರಾಷ್ಟ್ರಕ್ಕೆ ತಿಳಿಸಿದರು.

ಇನ್ನು ನಾಯಕತ್ವಕ್ಕೆ ರೋಗ ಬೇಕು, ರೋಗಕ್ಕೆ ರೋಗಿ ಬೇಕು. ಇಲ್ಲಿ ಒಂದು ತೊಡಕಾಯಿತು. ಒಣ ಮುದ್ದೆ ನುಂಗಿ ಬಿಕ್ಕಳಿಸುವವರು ದೇಶದಲ್ಲಿ ಬೇಕಾದಷ್ಟು ಜನ ಇದ್ದರೂ, ಸರ್ಕಾರಿ ಜೀಪು ಬರುವಷ್ಟರಲ್ಲಿ ಅವರಿಗೆ ಅದು ನಿಂತುಹೋಗುತ್ತಿತ್ತು. ಕೆಲವರಿಗಂತೂ ಜೀಪು ಕಂಡೇ ನಿಲ್ಲುತ್ತಿತ್ತು. ನಿಲ್ಲದ ಬಿಕ್ಕಳಿಕೆ ಇದ್ದದ್ದು ಇಡೀ ಗಣರಾಜ್ಯದಲ್ಲಿ ಒಬ್ಬನಿಗೆ. ಅವನು ಸರೋವರದ ದಡದ ಚಿಫುಬಾ ಪಟ್ಟಣದ ಕಟೊಂಗೊ.

ಕಟೊಂಗೊನಿಗೆ ಬಿಕ್ಕಳಿಕೆಯಿಂದ ಆಗುತ್ತಿದ್ದ ತೊಂದರೆಯನ್ನು ವಿವರಿಸಬೇಕಾದರೆ ಅವನ ಕಸುಬನ್ನು ಹೇಳಬೇಕು. ಅವನು ಮದುವೆಯ ಸಂಧಾನದವನು. ಗಂಡಿನ ಪರವಾಗಿ ಹೆಣ್ಣಿನ ಮನೆಗೆ ಹೋಗಿ, ಬಿಳಿ ಬಟ್ಟೆ ಮುಚ್ಚಿದ ಮಣಿಗಳ ತಟ್ಟೆಯನ್ನು ಮುಂದಿಟ್ಟು, ಮೊಣಕಾಲೂರಿ, ಅಂಗೈ ಗುಳಿಮಾಡಿ ಮೆಲ್ಲಗೆ ತಟ್ಟುತ್ತ, ಸುತ್ತಿ ಬಳಸಿ ಮಾತಾಡಬೇಕು. ಹೆಣ್ಣಿನ ಕಡೆಯವರು ತಟ್ಟೆ ಎತ್ತಿಕೊಂಡರೆ ಒಪ್ಪಿದಂತೆ. ಈ ಕೆಲಸಕ್ಕೆ ಗಾಂಭೀರ್ಯ ಬೇಕು. ಬಿಕ್ಕಳಿಕೆಗೂ ಗಾಂಭೀರ್ಯಕ್ಕೂ ಆಗಿಬರುವುದಿಲ್ಲ.

ಅವನ ತಂಗಿಯ ಮಗ ಕಬಾಸೊ ಮೀನು ಬಂದರಿನಲ್ಲಿ ಮಂಜುಗಡ್ಡೆ ಮಾರುವವನು. ಅವನಿಗೆ ಚೋಂಬಾ ಎಂಬ ಹುಡುಗಿಯ ಮೇಲೆ ಮನಸ್ಸು, ಅವಳಿಗೂ ಇವನ ಮೇಲೆ. ಕಟೊಂಗೊ ಅವಳ ಅಪ್ಪ ಕಪೆಂಬ್ವಾನ ಮನೆಗೆ ಮೊದಲ ಸಲ ಹೋದಾಗ, “ನಿಮ್ಮ ಅಂಗಳದಲ್ಲಿ ಒಂದು ಹೂ ಅರಳಿದೆ ಅಂತ ಕೇ... ಹಿಕ್!” ಎಂದ. ಚೋಂಬಾಳ ಅಜ್ಜಿ, “ಕುಡ್ಕೊಂಡು ಬಂದಿದಾನೆ, ಆಚೆ ಕಳ್ಸಿ,” ಎಂದಳು. ಎರಡನೆಯ ಸಲ ಬಿಕ್ಕಳಿಕೆಯ ರಭಸಕ್ಕೆ ತಟ್ಟೆ ಮಗುಚಿ ಮಣಿಗಳೆಲ್ಲ ಅಂಗಳಕ್ಕೆ ಹಾರಿದವು. ಒಂದನ್ನು ಕೋಳಿ ನುಂಗಿತು. ಮೂರನೆಯದೇ ಕೊನೆಯ ಸಲ ಎಂದು ಕಪೆಂಬ್ವಾ ಖಡಾಖಂಡಿತವಾಗಿ ಹೇಳಿ ಕಳಿಸಿದ. ಅಷ್ಟರಲ್ಲಿ ಎರಡು ಮಿನಿಬಸ್ಸಿನ ಮಾಲೀಕನೊಬ್ಬ ಅದೇ ಹುಡುಗಿಗೆ ತನ್ನ ಸಂಧಾನದವನನ್ನು ಗೊತ್ತುಮಾಡುತ್ತಿರುವ ಸುದ್ದಿ ಬಂತು. ಕಬಾಸೊ ಊಟ ಬಿಟ್ಟ. ಆದ್ದರಿಂದ ಕಟೊಂಗೊನ ಬಿಕ್ಕಳಿಕೆ ಬೇಗ ನಿಲ್ಲಲೇಬೇಕಿತ್ತು.

ಅವನ ಹೆಂಡತಿ ಲವ್‌ನೆಸ್ ಅದೇ ಪಟ್ಟಣದ ಆಸ್ಪತ್ರೆಯ ನರ್ಸು. ಅವಳು ಗಂಡನನ್ನು ಮಾವಿನ ಮರದ ಕೆಳಗೆ ಬಗ್ಗಿಸಿ ನಿಲ್ಲಿಸಿ, ಒಂದೇ ಉಸಿರಿಗೆ ಕುಡಿಸಲೆಂದು ಸಕ್ಕರೆ ನೀರಿನ ಲೋಟವನ್ನು ಅವನ ಬಾಯಿಗೆ ತಂದ ಹೊತ್ತಿಗೆ ಸರಿಯಾಗಿ ಜೀಪು ಬಂತು. ಇನ್ನೂ ನಿಲ್ಲದ ಜೀಪಿನಿಂದ ಟೈ ಕಟ್ಟಿದ ಒಬ್ಬರು ಹಾರಿದರು.

“ಅಮ್ಮಾ! ಆ ಲೋಟ ಕೆಳಗಿಡಿ! ನಿಧಾನಕ್ಕೆ... ಹಾಂ, ನೆಲದ ಮೇಲೆ!”

ಇವರೇ ಫಾಕ್ಸನ್ ಚಿಸಂಗಾ, ಬಿಕ್ಕಳಿಕೆ ಇಲಾಖೆಯ ಉಪನಿರ್ದೇಶಕರು. ನಿರ್ದೇಶಕರ ಹುದ್ದೆ ಮಂತ್ರಿಗಳ ತಮ್ಮನಿಗೆ ಮೀಸಲಾಗಿದ್ದು, ಆತ ಇನ್ನೂ ಶಾಲೆ ಮುಗಿಸುತ್ತಿದ್ದುದರಿಂದ ಎಲ್ಲ ಹೊಣೆಯೂ ಇವರ ಮೇಲಿತ್ತು.

“ಹಿಕ್,” ಎಂದ ಕಟೊಂಗೊ.

ಚಿಸಂಗಾರ ಕಣ್ಣಲ್ಲಿ ನೀರು ತುಂಬಿತು. “ದೇವರು ದೊಡ್ಡವನು. ಜೀಪು ನೋಡಿದ್ಮೇಲೂ ಬಿಕ್ತಾ ಇದಾರೆ!”

“ಸ್ವಾಮಿ, ಇದನ್ನ ನಿಲ್ಸಕ್ಕೆ ಬಂದ್ರಾ?”

“ನಿಲ್ಸೋದಾ? ಏನ್ ಮಾತೂಂತ ಆಡ್ತೀರಿ ಹಿರಿಯರು! ಇದು ಈಗ ನಿಮ್ಮೊಬ್ಬರದಲ್ಲ. ನಿಮ್ಮದು ಬರೀ ಗಂಟಲು. ಬಿಕ್ಕಳಿಕೆ ರಾಷ್ಟ್ರದ್ದು.”

ಆ ವಾರವೇ ರಾಷ್ಟ್ರೀಯ ಬಿಕ್ಕಳಿಕೆ ಸಂರಕ್ಷಣಾ ನಿಯಮಗಳು ಜಾರಿಗೆ ಬಂದವು. ರೋಗಿಗೆ ನೀರನ್ನು ಗುಟುಕು ಗುಟುಕಾಗಿ ಮಾತ್ರ ಕೊಡತಕ್ಕದ್ದು. ಅವರ ಹಿಂದಿನಿಂದ ಯಾರೂ ‘ಭೋ’ ಎನ್ನತಕ್ಕದ್ದಲ್ಲ. ಹಠಾತ್ ಸಂತೋಷದ ಅಥವಾ ದುಃಖದ ಸುದ್ದಿಯನ್ನು ಇಲಾಖೆಯ ಪೂರ್ವಾನುಮತಿಯಿಲ್ಲದೆ ಅವರಿಗೆ ತಿಳಿಸತಕ್ಕದ್ದಲ್ಲ. ಈ ಕೊನೆಯ ನಿಯಮದಿಂದಾಗಿ ಕಟೊಂಗೊ ಕೇಳುತ್ತಿದ್ದ ಫುಟ್‌ಬಾಲ್ ಪಂದ್ಯಗಳಲ್ಲಿ ಗೋಲು ಬಿದ್ದಾಗಲೆಲ್ಲ ಬಾಗಿಲ ಬಳಿ ನಿಂತ ಪೊಲೀಸಪ್ಪ ರೇಡಿಯೋ ಆರಿಸಿ, ಸ್ವಲ್ಪ ಹೊತ್ತಿನ ಮೇಲೆ ಹಾಕುತ್ತಿದ್ದ.

ಅಭಿವೃದ್ಧಿಯೂ ಬಂತು. ಹೆದ್ದಾರಿಯಿಂದ ಕಟೊಂಗೊನ ಮಾವಿನ ಮರದವರೆಗೆ ಡಾಂಬರು ರಸ್ತೆಯಾಯಿತು. ಮರದಿಂದ ಆಚೆ ಕೂಗಳತೆಯಲ್ಲೇ ಆಸ್ಪತ್ರೆಯಿತ್ತು. ಅಲ್ಲಿಗೆ ರಸ್ತೆ ಬೇಕಿರಲಿಲ್ಲ, ಏಕೆಂದರೆ ಬಿಕ್ಕಳಿಕೆ ಇದ್ದದ್ದು ಮರದ ಕೆಳಗೆ. ಪ್ರಾದೇಶಿಕ ಸಹಕಾರವೂ ನಡೆಯಿತು. ನೆರೆಯ ದೇಶಗಳ ನಿಯೋಗಗಳು ಬಂದು ಬೆಂಚುಗಳ ಮೇಲೆ ಕೂರುತ್ತಿದ್ದವು. ಕಟೊಂಗೊ ಬಿಕ್ಕಿದಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದವು.

“ಇದಕ್ಕೆ ಚಿಕಿತ್ಸೆ ಏನು ಕೊಡ್ತಿದೀರಿ?” ಎಂದು ಒಬ್ಬ ವೈದ್ಯ ಕೇಳಿದ. ಅವನು ಹೊಸಬ.

“ಚಿಕಿತ್ಸೆ ಬೇರೆ ಇಲಾಖೆ,” ಎಂದರು ಚಿಸಂಗಾ. “ನಮ್ಮದು ನಾಯಕತ್ವ.”

ಆಸ್ಪತ್ರೆಯಲ್ಲಿ ನಡೆದದ್ದನ್ನೂ ಹೇಳಬೇಕು. ಔಷಧಿ, ಹಾಸಿಗೆ, ಸೊಳ್ಳೆಪರದೆಗಳೆಲ್ಲ ಬಂದವು, ಆದರೆ ಎಲ್ಲದರ ಮೇಲೂ ‘ಬಿಕ್ಕಳಿಕೆ ರೋಗಿಗಳಿಗೆ ಮಾತ್ರ’ ಎಂದು ಮುದ್ರೆಯಿತ್ತು. ಜ್ವರದಲ್ಲಿ ನಡುಗುತ್ತ ಬಂದವರಿಗೆ ಬರಿಯ ನೆಲ, ಪಕ್ಕದಲ್ಲೇ ಖಾಲಿ ಮಂಚ. ಲವ್‌ನೆಸ್ ಎರಡು ದಿನ ನೋಡಿದಳು. ಮೂರನೆಯ ದಿನ ಜ್ವರದ ಮಗುವನ್ನು ಹೊತ್ತ ತಾಯಿಯೊಬ್ಬಳನ್ನು ಕರೆದು, “ನೋಡಕ್ಕಾ, ಒಂದ್ಸಲ ಬಿಕ್ಕು,” ಎಂದಳು.

“ನಂಗೆಲ್ಲಿ ಬಿಕ್ಕಳಿಕೆ ಸಿಸ್ಟರ್? ಮಗೂಗೆ ಮಲೇರಿಯಾ.”

“ಗೊತ್ತು ಮಾರಾಯ್ತಿ. ಮಲೇರಿಯಾ ನಮ್ಮ ದೇಶದ್ದಲ್ಲ, ಅದು ಪಕ್ಕದ ದೇಶಕ್ಕೆ ಹೋಯ್ತು. ನೀನೇ ಮಗು ಪರವಾಗಿ ಹಿಕ್ ಅನ್ನು, ನಾನು ಬರ್ಕೋತೀನಿ.”

ತಾಯಿ ಹಿಕ್ ಎಂದಳು. ಮಗು ಗುಣವಾಯಿತು. ಸುದ್ದಿ ಹಬ್ಬಿತು. ಹೆರಿಗೆಗೆ ಬಂದವರು, ಕಾಲು ಮುರಿದವರು, ಹಲ್ಲು ಕೀಳಿಸುವವರು ಎಲ್ಲರೂ ಬಾಗಿಲಲ್ಲೇ ಬಿಕ್ಕಿ ಒಳಗೆ ಬರತೊಡಗಿದರು. ಬೇರೆ ಊರಿನ ನರ್ಸುಗಳೂ ಹಾಗೆಯೇ ಮಾಡಿದರು. ನಿಜವಾಗಿ ಬಿಕ್ಕುತ್ತಿದ್ದವನು ಮಾತ್ರ ಇನ್ನೂ ಒಬ್ಬನೇ, ಮತ್ತು ಅವನಿಗೊಬ್ಬನಿಗೇ ಔಷಧಿ ಕೊಡುವಂತಿರಲಿಲ್ಲ.

“ಲವ್‌ನೆಸ್, ಏನಾದ್ರೂ ಹಿಕ್ ಮಾಡೇ,” ಎಂದು ಕಟೊಂಗೊ ಬೇಡಿಕೊಂಡ. “ಮಿನಿಬಸ್ಸಿನೋನು ಈ ವಾರವೇ ತಟ್ಟೆ ಕಳಿಸ್ತಾನಂತೆ. ಹುಡುಗ ಮಂಜುಗಡ್ಡೆ ಥರ ಕರಗ್ತಾ ಇದಾನೆ.”

“ನಾನೇನು ಮಾಡ್ಲಿ, ನನ್ನ ಕೈ ಕಟ್ಟಿದೆ. ನೀವು ಮನೇಲಿ ನನ್ನ ಗಂಡ, ಹೊರಗೆ ಸರ್ಕಾರದ ಸ್ವತ್ತು. ಮನೆ ಬಾಗ್ಲಲ್ಲೂ ಪೊಲೀಸ್ ನಿಂತಿರೋದ್ರಿಂದ ಮನೇನೂ ಹೊರಗೇ ಆಯ್ತು.” ಅವಳು ಬುಟ್ಟಿ ಎತ್ತಿಕೊಂಡಳು. “ತಡೀರಿ, ಒಣಮೀನು ಮುಗಿದಿದೆ. ಸಂತೆಗೆ ಹೋಗಿ ಬರ್ತೀನಿ.”

ಒಣಮೀನು ಮಾರುತ್ತಿದ್ದವಳು ಮುಸೆಬಾ ಅಜ್ಜಿ. ಅವಳು ಮಳೆ ಕುಲ. ಕಟೊಂಗೊ, ಮಂತ್ರಿಗಳ ಹಾಗೆ, ಅಣಬೆ ಕುಲ. ಲವ್‌ನೆಸ್ ಅವಳ ಕಿವಿಯಲ್ಲಿ ಏನು ಹೇಳಿದಳೆಂಬುದು ಮರುದಿನ ಬೆಳಿಗ್ಗೆ ಎಲ್ಲರಿಗೂ ತಿಳಿಯಿತು.

ಬೆಳಿಗ್ಗೆ ಡಾಂಬರು ರಸ್ತೆಯ ಉದ್ದಕ್ಕೂ ಹೆಂಗಸರು ತಲೆಯ ಮೇಲೆ ಕೈ ಹೊತ್ತು ಗೋಳಾಡುತ್ತ ಬಂದರು. ಮುಂದೆ ಮುಸೆಬಾ ಅಜ್ಜಿ. ಪೊಲೀಸಪ್ಪ ಲಾಠಿ ಅಡ್ಡ ಹಿಡಿದ.

“ನಿಲ್ಲಿ! ಏನಿದು?”

“ಕಟೊಂಗೊ ಸತ್ತ ಕಣಪ್ಪಾ. ನಾನು ಮಳೆ ಕುಲ, ಅವನು ಅಣಬೆ. ಗೇಲಿ ನೆಂಟರು ಬಂದು ಅಣಕಿಸ್ದೆ ಹೆಣ ಎತ್ತೋದುಂಟಾ?”

ಪೊಲೀಸಪ್ಪ ಲಾಠಿ ಇಳಿಸಿದ. ಕಾಯಿದೆ ಎಷ್ಟೇ ಕಟ್ಟುನಿಟ್ಟಾಗಿದ್ದರೂ, ಗೇಲಿ ನೆಂಟರು ಮಾಡಿದ್ದಕ್ಕೆ ಈ ದೇಶದ ಯಾವ ಕೋರ್ಟೂ ಯಾರನ್ನೂ ಒಳಗೆ ಹಾಕಿದ್ದಿಲ್ಲ. ನ್ಯಾಯಾಧೀಶರಿಗೂ ಕುಲವಿರುತ್ತದೆ.

ಅಜ್ಜಿ ಒಳಗೆ ನುಗ್ಗಿ ಗೂಟದಲ್ಲಿದ್ದ ಕಟೊಂಗೊನ ಕೋಟು ತೆಗೆದು ತಾನೇ ಹಾಕಿಕೊಂಡು, ಅವನು ಸಂಧಾನಕ್ಕೆ ಕೂರುವಂತೆಯೇ ಮೊಣಕಾಲೂರಿದಳು. “ನಿಮ್ಮ ಅಂಗಳದ ಹೂ... ಹಿಕ್! ನಮ್ಮ ಮನೆ ದುಂಬಿ... ಹಿಕ್!” ಹೆಂಗಸರು ಅರ್ಧ ಅತ್ತರು, ಅರ್ಧ ನಕ್ಕರು. ಇಬ್ಬರು ಅಡುಗೆಮನೆಯ ಪಾತ್ರೆಗಳನ್ನು ಹೊರಗೆ ಸಾಗಿಸಿದರು.

“ಅಜ್ಜೀ, ನಾನು ಬದುಕೇ ಇದೀನಿ! ಹಿಕ್!”

“ನೋಡ್ರೇ, ಹೆಣ ಎದುರು ಮಾತಾಡ್ತದೆ. ಅಣಬೆ ಕುಲದ ಹೆಣಕ್ಕೆ ಮರ್ಯಾದೇನೇ ಇಲ್ಲ. ಮಲ್ಕೊಳೋ! ಬರುವಾಗ ಕಪೆಂಬ್ವಾನ ಮನೇಗೂ ಹೇಳ್ಬಿಟ್ಟು ಬಂದೆ. ಸಂಧಾನದೋನು ಸತ್ತ, ನೀವು ಮಿನಿಬಸ್ಸಿನೋನ ತಟ್ಟೇನೇ ತಗೊಳ್ಳಿ ಅಂದೆ. ಆಗ್ಲೇ ಕೈ ಹಾಕಿದ್ರು, ಪಾಪ.”

ಕಟೊಂಗೊನ ಉಸಿರು ಮೇಲೆ ಹೋದದ್ದು ಅಲ್ಲೇ ನಿಂತಿತು. ಮುಖ ಕಪ್ಪಿಟ್ಟಿತು. ಕೈ ಗಾಳಿಯಲ್ಲೇ ಉಳಿಯಿತು. ಎಲ್ಲರೂ ಗಾಬರಿಯಾದರು. ಕೊನೆಗೆ ಉಸಿರು ಹೊರಬಂತು.

“ಸುಳ್ಳು ಕಣೋ,” ಎಂದಳು ಅಜ್ಜಿ.

ಎಲ್ಲರೂ ಕಾದರು. ಏನೂ ಬರಲಿಲ್ಲ. ಹೊರಗೆ ಕೋಳಿ ಕೆದಕುವ ಸದ್ದು ಕೇಳಿತು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅಂಥ ಸದ್ದು ಕೇಳಿಸಿದ್ದು. ಪೊಲೀಸಪ್ಪ ಸೀಟಿ ಊದಿದ.

ಚಿಸಂಗಾ ಬಂದು ಕಟೊಂಗೊನ ಎದೆಗೆ ಕಿವಿಗೊಟ್ಟರು. ಒಣ ಮುದ್ದೆ ತಿನ್ನಿಸಿದರು. ಮೆಣಸಿನಕಾಯಿ ಮೂಸಿಸಿದರು. ಆಮೇಲೆ ಮಾವಿನ ಮರಕ್ಕೆ ಒರಗಿ ಕೂತು ಸ್ವಲ್ಪ ಹೊತ್ತು ಅತ್ತರು. ಆದರೆ ಆಡಳಿತದಲ್ಲಿ ಪಳಗಿದವರು ಹೆಚ್ಚು ಹೊತ್ತು ಅಳುವುದಿಲ್ಲ. ಅವರು ಎದ್ದು, ಕೆಮ್ಮಿ, ನೆರೆದವರಿಗೆ ಪ್ರಕಟಣೆ ಹೊರಡಿಸಿದರು: ರಾಷ್ಟ್ರೀಯ ಬಿಕ್ಕಳಿಕೆ ನಿಂತಿದೆ ಎಂಬ ವದಂತಿಗೆ ಯಾರೂ ಕಿವಿಗೊಡತಕ್ಕದ್ದಲ್ಲ. ಎರಡು ಬಿಕ್ಕಳಿಕೆಗಳ ನಡುವೆ ಸ್ವಾಭಾವಿಕವಾಗಿಯೇ ವಿರಾಮವಿರುತ್ತದೆ. ಸದ್ಯ ಅಂಥದೊಂದು ವಿರಾಮ ಪ್ರಗತಿಯಲ್ಲಿದೆ.

“ಎಷ್ಟು ಹೊತ್ತಿರತ್ತೆ ಸ್ವಾಮಿ ವಿರಾಮ?” ಎಂದ ಪೊಲೀಸಪ್ಪ.

“ಮುಂದಿನ ಬಿಕ್ಕಳಿಕೆವರೆಗೆ.”

ಇದು ಸರಿಯಾದ ಉತ್ತರವೇ ಆಗಿದ್ದರಿಂದ ಯಾರೂ ಮುಂದೆ ಕೇಳಲಿಲ್ಲ.

ಕಟೊಂಗೊನಿಗೆ ವಿರಾಮದ ಗೊಡವೆ ಇರಲಿಲ್ಲ. ಅವನು ಅಜ್ಜಿಯ ಮೈಯಿಂದ ಕೋಟು ಬಿಡಿಸಿಕೊಂಡು, ತಟ್ಟೆಗೆ ಮಣಿ ತುಂಬಿ, ಬಿಳಿ ಬಟ್ಟೆ ಮುಚ್ಚಿ, ಆ ಮಧ್ಯಾಹ್ನವೇ ಕಪೆಂಬ್ವಾನ ಮನೆಗೆ ಹೊರಟ. ದಾರಿಯುದ್ದಕ್ಕೂ ತನ್ನ ಮಾತನ್ನು ತಾನೇ ಹೇಳಿಕೊಂಡ. ಅದು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ವಿರಾಮದ ಮೇಲ್ವಿಚಾರಣೆಗೆಂದು ಚಿಸಂಗಾ ಹಿಂದೆಯೇ ನಡೆದು, ಕಪೆಂಬ್ವಾನ ಮನೆಯ ಕಿಟಕಿಯ ಕೆಳಗೆ ಕೂತರು.

ಕಟೊಂಗೊ ಮೊಣಕಾಲೂರಿ ಅಂಗೈ ತಟ್ಟಿದ. “ನಿಮ್ಮ ಅಂಗಳದಲ್ಲಿ ಒಂದು ಹೂ ಅರಳಿದೆ ಅಂತ ಕೇಳಿ ಬಂದೆ. ನಮ್ಮ ಮನೇಲೊಂದು ದುಂಬಿ ನಿದ್ದೆಗೆಟ್ಟಿದೆ. ಹಿರಿಯರು ಒಪ್ಪಿದ್ರೆ...” ಒಂದು ಕಡೆಯೂ ತಡವರಿಸದೆ ಕೊನೆಯವರೆಗೆ ಹೇಳಿದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಯಾರೂ ತಟ್ಟೆ ಮುಟ್ಟಲಿಲ್ಲ.

“ಯಾರೋ ಇವನು?” ಎಂದಳು ಚೋಂಬಾಳ ಅಜ್ಜಿ.

“ನಾನೇ ಅಜ್ಜಿ, ಕಟೊಂಗೊ. ಎರಡು ಸಲ ಬಂದಿದ್ನಲ್ಲ?”

“ಕಟೊಂಗೊ ಬಿಕ್ತಾನೆ. ಹೊರದೇಶದೋರೆಲ್ಲ ಎದ್ದು ನಿಂತು ಕೈ ತಟ್ತಾರೆ, ರೇಡಿಯೋದಲ್ಲಿ ಕೇಳಿದೀನಿ. ನೀನು ಗಿಳಿ ಥರ ಒದರ್ತಾ ಇದೀಯ.”

ಕಪೆಂಬ್ವಾ ಗಂಟಲು ಸರಿಮಾಡಿಕೊಂಡ. “ನೋಡಿಯಪ್ಪಾ, ಇವತ್ತು ಬೆಳಿಗ್ಗೆ ಮಿನಿಬಸ್ಸಿನೋರ ಕಡೆಯಿಂದ ಒಬ್ಬರು ಬಂದಿದ್ರು. ಮಾತಿಗೊಂದ್ಸಲ ಬಿಕ್ಕಿದ್ರು, ದೇವರಾಣೆ, ಘನವಾಗಿ ಬಿಕ್ಕಿದ್ರು. ಸಂಜೆಗೆ ಅವರ ತಟ್ಟೆ ಎತ್ಕೋಳೋದು ಅಂತಿದೀವಿ.”

“ಅಣ್ಣಾ, ಅವನು ಕಳ್ಳ! ನಿಜವಾದ ಬಿಕ್ಕಳಿಕೆ ನನ್ನದೇ. ಇವತ್ತು ಬೆಳಿಗ್ಗೆ ಗುಣವಾಯ್ತು, ಅಷ್ಟೇ.”

“ಗುಣವಾಯ್ತಾ?” ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ದೇಶದ ಆಸ್ತೀನ ಕಳ್ಕೊಂಡು ಬಂದು ಹೆಣ್ಣು ಕೇಳ್ತೀಯಾ? ನಾಳೆ ನಮ್ಮ ಹುಡುಗೀನ ಎಲ್ಲಿ ಕಳೀತೀರೋ!”

ಒಳಗಿನ ಕೋಣೆಯಲ್ಲಿ ಚೋಂಬಾ ಅಳುವುದು ಕೇಳಿಸಿತು. ಕಪೆಂಬ್ವಾ ಎದ್ದು ಬಾಗಿಲು ತೋರಿಸಿದ. ಕಿಟಕಿಯ ಕೆಳಗೆ ಚಿಸಂಗಾ ಎರಡೂ ಕೈ ಜೋಡಿಸಿ ದೇವರನ್ನು ಬೇಡುತ್ತಿದ್ದರು.

ಕಟೊಂಗೊ ತನ್ನ ಕಸುಬಿನಲ್ಲಿ ಗಂಡುಗಳ ಪರವಾಗಿ ಬೇಕಾದಷ್ಟು ಸುಳ್ಳು ಹೇಳಿದ್ದ. ಕುಂಟನನ್ನು ನೃತ್ಯಗಾರ ಎಂದಿದ್ದ, ಸೋಮಾರಿಯನ್ನು ಚಿಂತಕ ಎಂದಿದ್ದ. ಅದು ವೃತ್ತಿ. ಆದರೆ ಅವನ ಗಂಟಲು ಅವನ ಪರವಾಗಿ ಎಂದೂ ಸುಳ್ಳು ಹೇಳಿರಲಿಲ್ಲ. ಇಷ್ಟು ದಿನ ಅದು ಅವನ ಮಾತನ್ನೇ ಕೇಳುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿದ. ತಂಗಿಯ ಮಗನ ಊಟ ಬಿಟ್ಟ ಮುಖ ನೆನಪಿಗೆ ಬಂತು.

“ಹಿಕ್,” ಎಂದ.

ಅದು ಬಹಳ ಕೆಟ್ಟ ಬಿಕ್ಕಳಿಕೆಯಾಗಿತ್ತು. ಮಿನಿಬಸ್ಸಿನವನ ಕಡೆಯವನದು ಇದಕ್ಕಿಂತ ಎಷ್ಟೋ ಮೇಲು ಎಂದು ಆಮೇಲೆ ಕಪೆಂಬ್ವಾನೇ ಒಪ್ಪಿಕೊಂಡ. ಆದರೆ ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಟೈ ಎದ್ದು ನಿಂತು, “ವಿರಾಮ ಮುಗೀತು! ರಾಷ್ಟ್ರೀಯ ಬಿಕ್ಕಳಿಕೆ ಮುಂದುವರಿದಿದೆ!” ಎಂದು ಕೂಗಿತು. ಇಲಾಖೆಯ ಉಪನಿರ್ದೇಶಕರೇ ದೃಢಪಡಿಸಿದ ಮೇಲೆ ಒಂದು ಬಿಕ್ಕಳಿಕೆಯ ಗುಣಮಟ್ಟವನ್ನು ಅನುಮಾನಿಸುವುದು ಯಾರಿಗೂ ಶೋಭೆಯಲ್ಲ. ಕಪೆಂಬ್ವಾ ಕೂತುಕೊಂಡ. ಮರ್ಯಾದೆಗೆ ಮರ್ಯಾದೆ ಎಂದು ತಾನೂ ಒಮ್ಮೆ, “ಹಿಕ್,” ಎಂದ. ಅಜ್ಜಿ ತಟ್ಟೆ ಎತ್ತಿಕೊಂಡಳು.

ಒಕ್ಕೂಟದ ಮುಂದಿನ ಸಭೆಯಲ್ಲಿ ಎಲ್ಲ ದೇಶಗಳೂ ತಮ್ಮ ತಮ್ಮ ರೋಗದ ವರದಿ ಮಂಡಿಸಿದವು. ಮಲೇರಿಯಾದವರು, ಕಾಲರಾದವರು ತಮ್ಮಲ್ಲಿ ರೋಗಿಗಳು ಕಡಿಮೆಯಾಗಿದ್ದಾರೆಂದು ತಲೆತಗ್ಗಿಸಿ ಹೇಳಿದರು. ನಮ್ಮಲ್ಲಿ ಒಬ್ಬನೇ ಇದ್ದದ್ದು ಈಗ ಎಲ್ಲ ಆಸ್ಪತ್ರೆಗಳೂ ಭರ್ತಿಯಾಗಿ, ದೇಶದ ಅರ್ಧದಷ್ಟು ಜನರಿಗೆ ಹರಡಿದೆ ಎಂದು ನಮ್ಮ ಮಂತ್ರಿಗಳು ಹೇಳಿದಾಗ ಇಡೀ ನೆಲಮಾಳಿಗೆ ಎದ್ದು ನಿಂತಿತು. ಸೋತ ಮಹಾಕಾರ್ಯದರ್ಶಿಗಳು ಗೇಲಿಗೆ ಗೇಲಿ ಎಂಬಂತೆ ಮುಂದಿನ ವರ್ಷಕ್ಕೆ ಆಕಳಿಕೆಯನ್ನೂ ನಮಗೇ ಕೊಟ್ಟರು. ಮಂತ್ರಿಗಳು ಅದನ್ನೂ ವಿನಯದಿಂದ ಸ್ವೀಕರಿಸಿದರು.

ಕಬಾಸೊ ಮತ್ತು ಚೋಂಬಾ ಅವರ ಮದುವೆ ಸರೋವರದ ಪಕ್ಕದ ಇಗರ್ಜಿಯಲ್ಲಿ ನಡೆಯಿತು. ಪಾದ್ರಿಗಳು, “ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?” ಎಂದು ಕೇಳಿದರು. ಕಬಾಸೊ ಮಂಜುಗಡ್ಡೆ ಮಾರುವವನು, ನೇರ ಮನುಷ್ಯ. “ಹೂಂ, ಸ್ವೀಕರಿಸ್ತೀನಿ,” ಎಂದ.

ಪಾದ್ರಿಗಳು ಕಾದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ಚೋಂಬಾ ಮುಸುಕು ಎತ್ತಿ ಅವನನ್ನು ನೋಡಿದಳು.

“ಅಷ್ಟೇನಾ?” ಎಂದಳು.

ಕಬಾಸೊ ನಾಚಿ, ಎದೆಯ ಮೇಲೆ ಕೈಯಿಟ್ಟು, ಇಗರ್ಜಿಯ ಮೂಲೆ ಮೂಲೆಗೂ ಕೇಳುವಂತೆ ಬಿಕ್ಕಿದ. ಆಮೇಲೆ ಅವಳು ಬಿಕ್ಕಿದಳು. ಪಾದ್ರಿಗಳು ಇಬ್ಬರ ತಲೆಯ ಮೇಲೂ ಕೈಯಿಟ್ಟರು. ಕಟೊಂಗೊ ಮುಂದಿನ ಸಾಲಿನಲ್ಲಿ ಬಿಕ್ಕಿ ಬಿಕ್ಕಿ ಅತ್ತು ಕಣ್ಣೊರೆಸಿಕೊಂಡ, ಮತ್ತು ಅದು ರಾಷ್ಟ್ರದ ಬಿಕ್ಕಳಿಕೆಯೇ ಎಂದು ತಿಳಿದು ಅವನಿಗೆ ನೀರು ಕೊಡಲು ಯಾರೂ ಮುಂದೆ ಬರಲಿಲ್ಲ.